ಉಲುರುಗೆ ಹದಿನಾಲ್ಕು ಜನ: ಮಕ್ಕಳ ರಜೆ, ಅಮ್ಮನ ಮಂಡಿ ನೋವು, ಒಗ್ಗರಣೆಯ ಹೊಗೆ

ಪ್ರಶ್ನೆ: ನಾವಿರುವುದು ಮೆಲ್ಬರ್ನ್‌ನಲ್ಲಿ. ಅಪ್ಪ ಅಮ್ಮ ಮೈಸೂರಿನಲ್ಲಿ, ಅಕ್ಕನ ಸಂಸಾರ ಬೆಂಗಳೂರಿನಲ್ಲಿ, ತಮ್ಮನ ಸಂಸಾರ ಅಮೆರಿಕದ ಡಲ್ಲಾಸ್‌ನಲ್ಲಿ. ಅಪ್ಪನಿಗೆ 70 ತುಂಬಿ ಭೀಮರಥ ಶಾಂತಿ ಮಾಡಿದಾಗ ತಮ್ಮನಿಗೆ ಬರಲಾಗಲಿಲ್ಲ. ಹಾಗಾಗಿ ಮುಂದಿನ ವರ್ಷ ಮಕ್ಕಳೂ ಸೇರಿ 14 ಜನ ಆಸ್ಟ್ರೇಲಿಯಾದಲ್ಲೇ ಸೇರೋಣ ಅಂತ ಮಾತಾಗಿದೆ. ನನಗೆ ಮರಳುಗಾಡಿನ ಉಲುರು ಬಂಡೆಗೆ ಎಲ್ಲರನ್ನೂ ಕರೆದುಕೊಂಡು ಹೋಗುವ ಆಸೆ. ಅಮ್ಮನಿಗೆ ಮಂಡಿ ನೋವು. ಅಪ್ಪ ಅಮ್ಮ ಇಬ್ಬರೂ ಸಸ್ಯಾಹಾರಿಗಳು. ಮಕ್ಕಳಲ್ಲಿ ಚಿಕ್ಕವಳಿಗೆ 5 ವರ್ಷ, ದೊಡ್ಡವನು ಮೊದಲನೇ ಪಿಯುಸಿ. ಯಾವಾಗ ಹೋಗಬೇಕು? ಎಷ್ಟು ದಿನ? ಊಟ, ವಸತಿ ಹೇಗೆ? ಬಂಡೆ ಹತ್ತಲು ಬಿಡುತ್ತಾರಾ? ‘ಅಷ್ಟು ದುಡ್ಡು ಸುರಿದು ಒಂದು ಕಲ್ಲು ನೋಡೋಕೆ ಹೋಗಬೇಕಾ?’ ಅಂತ ಭಾವ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಭಾವನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನನ್ನ ಹತ್ತಿರ ಪ್ರವಾಸದ ಸಲಹೆಗೆ ಬರುವ ಮನೆಗಳಲ್ಲಿ ಇದನ್ನು ಕೇಳುವವರು ಒಬ್ಬರಾದರೂ ಇರುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಕಲ್ಲು ನೋಡುವುದಕ್ಕೆ ಮಾತ್ರ ಅಂದರೆ ಒಂದು ದಿನ ಸಾಕು, ಅಷ್ಟಕ್ಕೆ ಡಲ್ಲಾಸ್‌ನಿಂದ ಯಾರೂ ಬರಬೇಕಾಗಿಲ್ಲ. ಆದರೆ ನೀವು ಹೊರಟಿರುವುದು ನಾಲ್ಕು ಊರಲ್ಲಿ ಚದುರಿದ ಸಂಸಾರ ಒಂದು ಕಡೆ ಕೂರುವುದಕ್ಕೆ. ಅದಕ್ಕೆ ಉಲುರುನಂಥ ಜಾಗ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಸಿಗುವುದು ಕಷ್ಟ. ಕಾರಣ ತುಂಬಾ ಸರಳ. ಅಲ್ಲಿ ಬೇರೆ ಏನೂ ಇಲ್ಲ.

ಗೋಲ್ಡ್ ಕೋಸ್ಟ್‌ಗೋ ಸಿಡ್ನಿಗೋ 14 ಜನ ಹೋದರೆ ಏನಾಗುತ್ತೆ ಹೇಳಿ. ಮಕ್ಕಳು ಥೀಮ್ ಪಾರ್ಕ್‌ಗೆ, ಅರ್ಧ ಜನ ಮಾಲ್‌ಗೆ, ಅಪ್ಪ ಅಮ್ಮ ಹೋಟೆಲ್ ರೂಮಿನಲ್ಲಿ ಟಿವಿ ಮುಂದೆ. ರಾತ್ರಿ ಸೇರುವ ಹೊತ್ತಿಗೆ ಎಲ್ಲರಿಗೂ ಸುಸ್ತು. ಉಲುರುನಲ್ಲಿ ಪ್ರವಾಸಿಗಳು ಉಳಿಯಲು ಯುಲಾರ ಅನ್ನುವ ಒಂದೇ ಒಂದು ಪುಟ್ಟ ಊರಿದೆ. ಪ್ರವಾಸಿಗಳಿಗೆಂದೇ ಕಟ್ಟಿದ ಊರು ಅದು. ಹತ್ತಿರದ ದೊಡ್ಡ ಪಟ್ಟಣ ಆಲಿಸ್ ಸ್ಪ್ರಿಂಗ್ಸ್ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್ ದೂರ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂಡೆಯ ಹತ್ತಿರ ಹೋಗಿ ಬಂದರೆ ಉಳಿದ ಹೊತ್ತೆಲ್ಲ ನಿಮ್ಮದೇ. ಮಾತು, ಕಾಫಿ, ಇಸ್ಪೀಟು, ಹಳೇ ಜಗಳ ಎಲ್ಲದಕ್ಕೂ ಟೈಮ್ ಇರುತ್ತೆ. ಭಾವನಿಗೆ ಇದನ್ನೇ ಹೇಳಿ. ಜೊತೆಗೆ ಇನ್ನೊಂದು ಷರತ್ತು ಹಾಕಿಕೊಳ್ಳಿ: ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಈ ಷರತ್ತಿನ ಮೇಲೇ ನಿಂತಿದೆ.

ಈಗ ಹತ್ತುವ ವಿಷಯ. ಬಿಡುವುದಿಲ್ಲ. 2019ರ ಅಕ್ಟೋಬರ್ 26ರಿಂದ ಉಲುರು ಹತ್ತುವುದನ್ನು ಪೂರ್ತಿ ನಿಲ್ಲಿಸಿದ್ದಾರೆ. ನಾವು ಸಾವನದುರ್ಗ, ಮಧುಗಿರಿ ನೋಡಿ ಬೆಳೆದವರು. ಏಕಶಿಲೆ ಕಂಡ ತಕ್ಷಣ ‘ಮೇಲಕ್ಕೆ ದಾರಿ ಎಲ್ಲಿ?’ ಅಂತ ಹುಡುಕುತ್ತೇವೆ. ನಿಮ್ಮ ಪಿಯುಸಿ ಹುಡುಗನೂ ಹುಡುಕುತ್ತಾನೆ. ಅವನಿಗೆ ಮೊದಲೇ ಹೇಳಿಡಿ. ಆ ನೆಲದ ಮೂಲ ಒಡೆಯರು ಅನಂಗು ಜನ. ಬಂಡೆ ಅವರಿಗೆ ಪವಿತ್ರ. ಹತ್ತಬೇಡಿ ಅಂತ ಅವರು ವರ್ಷಾನುಗಟ್ಟಲೆ ಕೇಳಿಕೊಂಡಿದ್ದರು, ಜನ ಹತ್ತುತ್ತಲೇ ಇದ್ದರು. ಹತ್ತಲು ಹೋಗಿ ಸತ್ತವರ ಸಂಖ್ಯೆ 37. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಹಕ್ಕನ್ನು ಅನಂಗು ಜನಕ್ಕೆ ವಾಪಸ್ ಕೊಟ್ಟಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕೆಂದು 99 ವರ್ಷದ ಗುತ್ತಿಗೆಗೆ ಕೊಟ್ಟರು. ಆ ದಿನಕ್ಕೆ ಸರಿಯಾಗಿ 34 ವರ್ಷ ತುಂಬಿದಾಗ ಹತ್ತುವ ದಾರಿ ಮುಚ್ಚಿತು. ಚೈನು, ಕಂಬ ಎಲ್ಲ ಕಿತ್ತು ಹಾಕಿದ್ದಾರೆ. ನಿಮ್ಮ ಮನೆಯ ಲೆಕ್ಕದಲ್ಲಿ ಇದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಹುಡುಗರು ಮೇಲೆ, ಅಮ್ಮ ಕೆಳಗೆ ಕೂತು ಜೀವ ಕೈಲಿ ಹಿಡಿದುಕೊಂಡಿರುತ್ತಿದ್ದರು.

ಯಾವಾಗ ಹೋಗಬೇಕು ಅನ್ನುವುದಕ್ಕೆ ಹವೆ ಒಂದು ಉತ್ತರ ಕೊಡುತ್ತೆ, ಶಾಲೆಗಳು ಇನ್ನೊಂದು. ಹವೆಯ ಪ್ರಕಾರ ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೋಗಬೇಕು. ಡಿಸೆಂಬರ್, ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಆಗ ಬಿಸಿಲು 40 ಡಿಗ್ರಿ ದಾಟುತ್ತೆ, ಮೇಲಿಂದ ನೊಣ. ಆ ನೊಣ ಕಚ್ಚುವುದಿಲ್ಲ. ಕಣ್ಣು, ಮೂಗು, ತುಟಿಯ ಪಸೆ ಹುಡುಕಿಕೊಂಡು ಬರುತ್ತೆ, ಓಡಿಸಿದರೂ ಹೋಗಲ್ಲ. ಮುಖಕ್ಕೆ ಹಾಕುವ ಬಲೆ ಇಲ್ಲದೆ ಮಾತಾಡಲು ಬಾಯಿ ಬಿಡೋಕೂ ಆಗಲ್ಲ. ಚಳಿಗಾಲದಲ್ಲಿ ಅದರ ಕಾಟ ತುಂಬಾ ಕಡಿಮೆ.

ಶಾಲೆಗಳ ಲೆಕ್ಕ ಮಾತ್ರ ತಲೆನೋವು. ಆಸ್ಟ್ರೇಲಿಯಾದ ಚಳಿಗಾಲದ ರಜೆ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ. ಅಮೆರಿಕದಲ್ಲಿ ಆಗ ರಜೆ ಇರುತ್ತೆ, ಆದರೆ ಕರ್ನಾಟಕದಲ್ಲಿ ಶಾಲೆ, ಕಾಲೇಜು ಶುರುವಾಗಿ ತಿಂಗಳಾಗಿರುತ್ತೆ. ಏಪ್ರಿಲ್‌ನಲ್ಲಿ ನಿಮಗೂ ಅಕ್ಕನಿಗೂ ರಜೆ ಕೂಡಿಬರುತ್ತೆ, ತಮ್ಮನಿಗೆ ಬರಲ್ಲ. ನಾನು ನಿಮಗೆ ಹೇಳುವುದು ಮೇ ಕೊನೆಯ ವಾರ. ಅಕ್ಕನ ಮಕ್ಕಳಿಗೆ ಬೇಸಿಗೆ ರಜೆ ಮುಗಿಯುತ್ತಾ ಬಂದಿರುತ್ತೆ. ಟೆಕ್ಸಾಸ್‌ನಲ್ಲಿ ಬಹಳಷ್ಟು ಶಾಲೆಗಳು ಆ ಹೊತ್ತಿಗೆ ಮುಗಿಯುತ್ತವೆ. ಶಾಲೆ ತಪ್ಪಿಸಬೇಕಾದವರು ನಿಮ್ಮ ಮಕ್ಕಳು ಮಾತ್ರ, ಅದೂ ಮೂರ್ನಾಲ್ಕು ದಿನ. ಅತಿಥೇಯರಾಗಿ ಅಷ್ಟು ನೀವು ಮಾಡಬಹುದು ಅಲ್ವಾ? ಆಸ್ಟ್ರೇಲಿಯಾದ ರಜೆಯ ನೂಕುನುಗ್ಗಲು, ಅದರ ದುಬಾರಿ ರೇಟು ಎರಡೂ ತಪ್ಪುತ್ತೆ. ಹಗಲು 22ರಿಂದ 25 ಡಿಗ್ರಿ, ಬೆಂಗಳೂರಿನ ಡಿಸೆಂಬರ್ ತರಹ ಇರುತ್ತೆ.

ರಾತ್ರಿ ಹಾಗಲ್ಲ. ಮರುಭೂಮಿ ಅಂದ ಕೂಡಲೇ ನಮ್ಮವರು ತೆಳು ಕಾಟನ್ ಬಟ್ಟೆ ಗಂಟು ಕಟ್ಟುತ್ತಾರೆ. ಮೋಡವಿಲ್ಲದ ಆಕಾಶದ ಕೆಳಗೆ ಹಗಲಿನ ಬಿಸಿಯೆಲ್ಲ ಸಂಜೆ ಆದ ಕೂಡಲೇ ಹಾರಿಹೋಗುತ್ತೆ. ಮೇ ಕೊನೆಗೆ ನಸುಕಿನಲ್ಲಿ 10 ಡಿಗ್ರಿಗಿಂತ ಕೆಳಗೆ, ಜೂನ್ ಜುಲೈನಲ್ಲಿ ಕೆಲವು ಸಲ ಸೊನ್ನೆಯ ಹತ್ತಿರ. ಅಪ್ಪನ ಮಂಕಿ ಕ್ಯಾಪು, ಮಫ್ಲರ್, ಅಮ್ಮನಿಗೆ ದಪ್ಪ ಕಾಲುಚೀಲ, ಎಲ್ಲರಿಗೂ ಒಂದು ಜಾಕೆಟ್ ಬೇಕೇ ಬೇಕು. ಮೈಸೂರಿನಿಂದ ಹೊತ್ತು ತರಬೇಕಾಗಿಲ್ಲ, ನಿಮ್ಮ ಮೆಲ್ಬರ್ನ್ ಮನೆಯ ಜಾಕೆಟ್‌ಗಳೇ ಸಾಕು.

ದಾರಿ ಹೀಗಿರಲಿ. ಎಲ್ಲರೂ ಮೊದಲು ನಿಮ್ಮ ಮನೆಗೆ ಬರಲಿ. ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಇದೆ, ಡಲ್ಲಾಸ್‌ನಿಂದಲೂ ಸಿಡ್ನಿಗೆ ಇದೆ. ಆದರೆ ಇಳಿದ ದಿನವೇ ಮರಳುಗಾಡಿಗೆ ಇನ್ನೊಂದು ವಿಮಾನ ಹತ್ತಿಸಬೇಡಿ. ಡಲ್ಲಾಸ್ ಮಕ್ಕಳಿಗೆ ಹಗಲು ರಾತ್ರಿ ತಿರುಗುಮುರುಗು ಆಗಿರುತ್ತೆ, ಅಮ್ಮನ ಕಾಲು ಊದಿಕೊಂಡಿರುತ್ತೆ. ಮೆಲ್ಬರ್ನ್‌ನಲ್ಲಿ ಮೂರು ದಿನ ನಿದ್ದೆ ಮಾಡಲಿ. ಆಮೇಲೆ 14 ಜನ ಒಂದೇ ವಿಮಾನದಲ್ಲಿ ಹೋಗಿ. ಮೆಲ್ಬರ್ನ್‌ನಿಂದ ನೇರ ಹಾರಾಟ ಮೂರು ಗಂಟೆಯ ಆಸುಪಾಸು. ಅದು ಪ್ರತಿದಿನ ಇರುತ್ತೆ ಅಂದುಕೊಳ್ಳಬೇಡಿ. ವಿಮಾನದ ದಿನ ನೋಡಿಕೊಂಡೇ ಪ್ರವಾಸದ ದಿನ ಗೊತ್ತು ಮಾಡಿ. ಟಿಕೆಟ್ ಹುಡುಕುವಾಗ ‘ಏಯರ್ಸ್ ರಾಕ್’ ಅಂತ ಹಾಕಿ. ವಿಮಾನ ನಿಲ್ದಾಣಕ್ಕೆ ಇನ್ನೂ ಬಂಡೆಯ ಆ ಹಳೇ ಹೆಸರೇ ಇದೆ, ಕೋಡ್ ಎ ವೈ ಕ್ಯೂ.

ಆಲಿಸ್ ಸ್ಪ್ರಿಂಗ್ಸ್‌ಗೆ ಅಗ್ಗದ ಟಿಕೆಟ್ ಸಿಕ್ಕಿತು, ಅಲ್ಲಿಂದ ಕಾರಿನಲ್ಲಿ ಹೋಗೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಿಮ್ಮ ಗುಂಪಿಗೆ ಅದು ಬೇಡ. ಐದು ಗಂಟೆ ಡ್ರೈವಿಂಗ್, ದಾರಿಯಲ್ಲಿ ಎರಡೋ ಮೂರೋ ರೋಡ್‌ಹೌಸ್, ಮೊಬೈಲ್ ಸಿಗ್ನಲ್ ಬಹುಪಾಲು ಇಲ್ಲ. ಕತ್ತಲಾದ ಮೇಲೆ ಕಾಂಗರೂ, ದನ, ಒಂಟೆ ರಸ್ತೆಗೆ ಬರುತ್ತವೆ. ಬಾಡಿಗೆ ಕಾರಿನ ಎಷ್ಟೋ ಕಂಪನಿಗಳು ರಾತ್ರಿ ಓಡಿಸಲು ಬಿಡುವುದೇ ಇಲ್ಲ. ಗೆಳೆಯರ ಜೊತೆ ಹೋಗುವಾಗ ಅದೊಂದು ಚೆಂದದ ರಸ್ತೆ. ಮಂಡಿ ನೋವಿನವರನ್ನೂ ಐದು ವರ್ಷದವಳನ್ನೂ ಕೂರಿಸಿಕೊಂಡು ಹೋಗುವ ರಸ್ತೆ ಅಲ್ಲ. ಕಿಂಗ್ಸ್ ಕ್ಯಾನಿಯನ್ ಅನ್ನುವ ಕಮರಿಯನ್ನೂ ಪಟ್ಟಿಯಿಂದ ತೆಗೆಯಿರಿ. ಯುಲಾರದಿಂದ ಸುಮಾರು 300 ಕಿಲೋಮೀಟರ್ ಆಚೆ ಇದೆ, ಅಲ್ಲಿನ ಮುಖ್ಯ ನಡಿಗೆ ಶುರುವಾಗುವುದೇ ಕಡಿದಾದ ಮೆಟ್ಟಿಲಿನಿಂದ.

ಉಲುರುನಲ್ಲಿ ಮೂರು ರಾತ್ರಿ ಇರಿ. ಎರಡಾದರೆ ಓಡಾಟವೇ ಆಗುತ್ತೆ. ನಾಲ್ಕಾದರೆ ಹದಿಹರೆಯದವರು ‘ಬೋರ್’ ಅಂತ ಶುರು ಮಾಡುತ್ತಾರೆ.

ವಸತಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಉದ್ಯಾನದ ಒಳಗೆ ಉಳಿಯಲು ಬಿಡುವುದಿಲ್ಲ, ಟೆಂಟ್ ಹಾಕುವ ಹಾಗೂ ಇಲ್ಲ. ಇರುವುದೆಲ್ಲ ಯುಲಾರದಲ್ಲೇ: ಪಂಚತಾರಾ ಸೇಲ್ಸ್ ಇನ್ ದ ಡೆಸರ್ಟ್‌ನಿಂದ ಹಿಡಿದು ಕ್ಯಾಂಪ್‌ಗ್ರೌಂಡ್‌ವರೆಗೆ. ನಿಮಗೆ ಬೇಕಾದ್ದು ಎಮು ವಾಕ್ ಅಪಾರ್ಟ್‌ಮೆಂಟ್ಸ್. ಒಂದು ಮಲಗುವ ಕೋಣೆಯದು, ಎರಡು ಕೋಣೆಯದು ಎರಡೂ ಇವೆ. ಎಲ್ಲಕ್ಕಿಂತ ಮುಖ್ಯವಾಗಿ ಒಳಗೆ ಅಡುಗೆಮನೆ ಇದೆ. ಪಕ್ಕದಲ್ಲೇ ಟೌನ್ ಸ್ಕ್ವೇರ್, ಅಲ್ಲಿ ಸೂಪರ್‌ಮಾರ್ಕೆಟ್. ನಾಲ್ಕು ಸಂಸಾರಕ್ಕೆ ನಾಲ್ಕು ಅಪಾರ್ಟ್‌ಮೆಂಟ್, ಅಕ್ಕಪಕ್ಕ ಕೊಡಿ ಅಂತ ಬುಕ್ ಮಾಡುವಾಗಲೇ ಬರೆದು ಕೇಳಿ. ತಮ್ಮ ಡಾಲರ್‌ನಲ್ಲಿ ದುಡಿಯುತ್ತಾನೆ ಅಂತ ಅವನೊಬ್ಬ ಪಂಚತಾರಾದಲ್ಲಿ, ಅಕ್ಕ ಅಗ್ಗದ ಲಾಡ್ಜಿನಲ್ಲಿ ಅಂತಾದರೆ ಪ್ರವಾಸ ಶುರುವಾಗುವ ಮುಂಚೆಯೇ ಕೆಟ್ಟಿತು ಅಂತ ತಿಳಿಯಿರಿ. ಎಲ್ಲರೂ ಒಂದೇ ಕಡೆ, ಒಂದೇ ತರಹದ ಮನೆಯಲ್ಲಿ ಇರಬೇಕು. ದುಡ್ಡು ಹೇಗೆ ಹಂಚಿಕೊಳ್ಳುತ್ತೀರಿ ಅನ್ನುವುದನ್ನು ಟಿಕೆಟ್ ತೆಗೆಯುವ ಮುಂಚೆ ಮೂರು ಜನ ಮಕ್ಕಳು ಕೂತು ಮಾತಾಡಿ. ಅಪ್ಪನ ಕಿವಿಗೆ ಆ ಲೆಕ್ಕ ಬೀಳಬಾರದು.

ಅಡುಗೆಮನೆಗೆ ಯಾಕೆ ಇಷ್ಟು ಒತ್ತು ಅಂದರೆ, ಸಸ್ಯಾಹಾರ ಅಲ್ಲಿ ಸಿಗುತ್ತೆ, ಆದರೆ ಒಂದೇ ತರಹ. ಪಿಜ್ಜಾ, ಪಾಸ್ತಾ, ಸಲಾಡ್, ಆಲೂಗಡ್ಡೆ ಚಿಪ್ಸ್. ಎರಡನೇ ದಿನಕ್ಕೆ ಅಮ್ಮ ಮೊಸರನ್ನಕ್ಕೆ ಹಾತೊರೆಯುತ್ತಾರೆ. ಮೆಲ್ಬರ್ನ್‌ನ ಇಂಡಿಯನ್ ಸ್ಟೋರ್‌ನಿಂದ ಅಕ್ಕಿ, ತೊಗರಿಬೇಳೆ, ರವೆ, ಸಾರಿನಪುಡಿ, ಉಪ್ಪಿನಕಾಯಿ, ಫಿಲ್ಟರ್ ಕಾಫಿ ಪುಡಿ ಕಟ್ಟಿಕೊಳ್ಳಿ. ರೈಸ್ ಕುಕ್ಕರ್ ಒಂದು ಸೂಟ್‌ಕೇಸಿಗೆ ಹೋಗಲಿ. ತರಕಾರಿ, ಹಣ್ಣು, ಹಾಲು, ಮೊಸರು ಅಲ್ಲೇ ಕೊಳ್ಳಿ. ರೇಟು ನಗರಕ್ಕಿಂತ ಜಾಸ್ತಿ, ಆದರೂ ಹೋಟೆಲ್ ಊಟಕ್ಕಿಂತ ಎಷ್ಟೋ ವಾಸಿ.

ಒಂದು ಎಚ್ಚರ: ಒಗ್ಗರಣೆ. ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಬಿದ್ದ ಕ್ಷಣಕ್ಕೆ ಛಾವಣಿಯ ಸ್ಮೋಕ್ ಅಲಾರಂ ಬಡಿದುಕೊಳ್ಳಬಹುದು. ಅಗ್ನಿಶಾಮಕದವರು ಬಂದರೆ ಆ ಖರ್ಚು ನಿಮ್ಮ ತಲೆಗೇ ಬರಬಹುದು. ಒಗ್ಗರಣೆಯನ್ನು ಮೆಲ್ಬರ್ನ್‌ನಲ್ಲೇ ಮಾಡಿ ಆರಿಸಿ ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಅಷ್ಟೂ ತಾಪತ್ರಯ ಇಲ್ಲ.

ಮೈಸೂರಿನಿಂದ ಏನು ತರಬಾರದು ಅನ್ನುವುದೂ ಗೊತ್ತಿರಲಿ. ಆಸ್ಟ್ರೇಲಿಯಾದ ಕಸ್ಟಮ್ಸ್‌ನಲ್ಲಿ ಆಹಾರದ ತಪಾಸಣೆ ಬಿಗಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಬಿಡುವುದಿಲ್ಲ. ಹಾಲಿನ ಪದಾರ್ಥಕ್ಕೂ ಇದೇ ಗತಿ. ಅಮ್ಮ ಮೊಮ್ಮಕ್ಕಳಿಗೆ ಅಂತ ತುಪ್ಪ ಸುರಿದು ಮಾಡಿದ ಮೈಸೂರ್ ಪಾಕ್, ಪೇಡ ಅಲ್ಲೇ ಕಸದ ಡಬ್ಬಿ ಸೇರುತ್ತೆ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಇದೆ ಅಂತ ‘ಹೌದು’ ಗುರುತು ಹಾಕಲು ಹೇಳಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಇನ್ನು ಮೂರು ದಿನ ಏನು ಮಾಡುವುದು.

ಉದ್ಯಾನದ ಟಿಕೆಟ್ ದೊಡ್ಡವರಿಗೆ 38 ಡಾಲರ್, ಮೂರು ದಿನಕ್ಕೆ ನಡೆಯುತ್ತೆ. 18 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ನಿಮ್ಮಲ್ಲಿ ದೊಡ್ಡವರು ಎಂಟು ಜನ, ಅಂದರೆ 304 ಡಾಲರ್. ಆ ಹಣದ ಒಂದು ಪಾಲು ಅನಂಗು ಜನಕ್ಕೆ ಹೋಗುತ್ತೆ. ಆನ್‌ಲೈನ್‌ನಲ್ಲೇ ತೆಗೆದಿಡಿ. ಓಡಾಟಕ್ಕೆ ಎರಡು ಗಾಡಿ ಬೇಕು. ಮಾಮೂಲಿ ಕಾರ್ ಲೈಸೆನ್ಸ್‌ನಲ್ಲಿ ಡ್ರೈವರ್ ಸೇರಿ 12 ಸೀಟಿನ ಗಾಡಿ ಓಡಿಸಬಹುದು. ಆದರೂ ಒಂದೇ ದೊಡ್ಡ ವ್ಯಾನ್ ಮತ್ತೊಂದು ಸಣ್ಣ ಕಾರ್ ಅನ್ನುವುದಕ್ಕಿಂತ ಎರಡು ಎಂಟು ಸೀಟಿನವು ಒಳ್ಳೆಯದು. ಅಮ್ಮ ಸುಸ್ತಾದರೆ ಒಂದು ಗಾಡಿ ವಾಪಸ್ ಬರಬಹುದು, ಉಳಿದವರು ಸಿಕ್ಕಿಹಾಕಿಕೊಳ್ಳುವುದಿಲ್ಲ. ಅಲ್ಲಿ ಬಾಡಿಗೆ ಗಾಡಿಗಳು ಕಡಿಮೆ. ವಿಮಾನದ ಟಿಕೆಟ್ ಜೊತೆಗೇ ಗಾಡಿಯನ್ನೂ ಹಿಡಿದಿಡಿ.

ಮೊದಲ ಸಂಜೆ ಸೂರ್ಯಾಸ್ತ ಒಂದೇ ಸಾಕು. ಯುಲಾರದಿಂದ ಬಂಡೆ 20 ಕಿಲೋಮೀಟರ್. ಕಾರು ನಿಲ್ಲಿಸಿಕೊಂಡು ಕೂತೇ ನೋಡುವ ಜಾಗ ಇದೆ. ಮಡಚುವ ಕುರ್ಚಿ, ಶಾಲು, ಫ್ಲಾಸ್ಕಿನಲ್ಲಿ ಕಾಫಿ, ಕೋಡುಬಳೆ ತೆಗೆದುಕೊಂಡು ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ. ಹೊರಡುವ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬರಲಿ. ಬಂಡೆಯ ಬಣ್ಣ ಕಂದಿನಿಂದ ಕಿತ್ತಳೆಗೆ, ಅಲ್ಲಿಂದ ಕೆಂಡದ ಕೆಂಪಿಗೆ, ಕೊನೆಗೆ ನೇರಳೆಗೆ ತಿರುಗುವುದನ್ನು ಯಾರೂ ವಿವರಿಸಬೇಕಾಗಿಲ್ಲ. ಗ್ರೂಪ್ ಫೋಟೋ ಇಲ್ಲೇ ತೆಗೆಯಿರಿ. ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಗಾಡಿ ಹತ್ತಿ ಹೊರಟುಬಿಡುತ್ತಾರೆ. ನೀವು ಹತ್ತು ನಿಮಿಷ ಇರಿ. ಒಂದೊಂದು ಸಲ ಆಮೇಲೆ ಬರುವ ಬಣ್ಣವೇ ಚೆನ್ನಾಗಿರುತ್ತೆ.

ಎರಡನೇ ದಿನ ಬೆಳಿಗ್ಗೆ ಬಂಡೆಯ ಬುಡಕ್ಕೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ದಾಟಿದ ಮೇಲೆ, ಹಾಗಾಗಿ ನಾಲ್ಕಕ್ಕೆ ಏಳಿಸುವ ಗಲಾಟೆ ಇಲ್ಲ. ಬಂಡೆಯ ಸುತ್ತ ಪೂರ್ತಿ ನಡೆಯುವ ದಾರಿ ಹತ್ತು ಕಿಲೋಮೀಟರ್ ಚಿಲ್ಲರೆ, ಸಮತಟ್ಟು, ಮೂರೂವರೆ ಗಂಟೆ ಹಿಡಿಯುತ್ತೆ. ನೀವು, ತಮ್ಮ, ಭಾವ, ದೊಡ್ಡ ಮಕ್ಕಳು ಅದನ್ನು ನಡೆಯಿರಿ. ಅಪ್ಪ, ಅಮ್ಮ, ಚಿಕ್ಕ ಮಕ್ಕಳು ಮತ್ತು ಅವರ ಜೊತೆ ಒಂದಿಬ್ಬರು ದೊಡ್ಡವರು ಕುನಿಯಾ ನಡಿಗೆಗೆ ಹೋಗಲಿ. ಹೋಗಿ ಬರಲು ಒಂದೇ ಕಿಲೋಮೀಟರ್. ಗಾಲಿಕುರ್ಚಿಯೂ ಹೋಗುತ್ತೆ. ಅಮ್ಮ ‘ನನಗೆ ಬೇಡ’ ಅಂದರೂ ಮಡಚುವ ಗಾಲಿಕುರ್ಚಿ ಒಂದನ್ನು ಮೆಲ್ಬರ್ನ್‌ನಿಂದ ಒಯ್ಯಿರಿ. ಅವರು ಅದನ್ನು ತಳ್ಳಿಕೊಂಡೇ ನಡೆಯಬಹುದು, ಸುಸ್ತಾದಾಗ ಕೂರಬಹುದು.

ಈ ಒಂದು ಕಿಲೋಮೀಟರ್ ಇಡೀ ಪ್ರವಾಸದ ಸಾರ ಅಂತ ನನ್ನ ಅಭಿಪ್ರಾಯ. ದಾರಿಯ ಕೊನೆಗೆ ಮುಟಿಜುಲು ಅನ್ನುವ ನೀರಿನ ಮಡು ಇದೆ. ಮೂರು ಕಡೆ ಬಂಡೆ ಎದ್ದು ನಿಂತಿರುತ್ತೆ. ಸುತ್ತ ಕೆಂಪು ಮರಳು, ಇಲ್ಲಿ ಮಾತ್ರ ನೆರಳು, ಹಕ್ಕಿ, ಹಸಿರು. ಬಂಡೆಯನ್ನು ಹತ್ತಿರದಿಂದ ನೋಡಿ. ದೂರಕ್ಕೆ ನುಣುಪಾಗಿ ಕಂಡದ್ದು ಇಲ್ಲಿ ಸಿಪ್ಪೆ ಸಿಪ್ಪೆಯಾಗಿ ಎದ್ದಿರುತ್ತೆ. ಒಳಗಿನ ಕಲ್ಲಿನ ಬಣ್ಣ ಬೂದು, ಮೇಲಿನ ಕೆಂಪು ಬರೀ ತುಕ್ಕು. ಕಲ್ಲಿನಲ್ಲಿರುವ ಕಬ್ಬಿಣ ಗಾಳಿ ನೀರು ತಾಗಿ ತುಕ್ಕು ಹಿಡಿದಿದೆ. ನಮ್ಮ ಸಾವನದುರ್ಗ ಭೂಮಿಯ ಒಳಗೆ ಕರಗಿದ ಶಿಲೆ ಆರಿ ಗಟ್ಟಿಯಾದದ್ದು. ಇದು ಮರಳುಗಲ್ಲು. ಸುಮಾರು 55 ಕೋಟಿ ವರ್ಷ ಹಿಂದೆ ಬೆಟ್ಟಗಳಿಂದ ನೀರು ಹೊತ್ತು ತಂದು ಗುಡ್ಡೆ ಹಾಕಿದ ಮರಳು ಗಟ್ಟಿಯಾಗಿ, ಆಮೇಲೆ ಭೂಮಿ ಮಡಚಿಕೊಂಡಾಗ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತುಬಿಟ್ಟವು. ಬಂಡೆಯ ಮೈಮೇಲಿನ ಉದ್ದುದ್ದ ಗೆರೆಗಳು ಆ ಪದರಗಳೇ. ನಮ್ಮ ಕಣ್ಣಿಗೆ ಬೀಳುವುದು 348 ಮೀಟರ್ ಎತ್ತರ. ಉಳಿದದ್ದು ನೆಲದ ಕೆಳಗೆ ಕಿಲೋಮೀಟರ್‌ಗಟ್ಟಲೆ ಇಳಿದಿದೆ. ಪಿಯುಸಿ ಹುಡುಗ ಸೈನ್ಸ್ ತೆಗೆದುಕೊಂಡಿದ್ದರೆ ವಿವರಿಸುವ ಕೆಲಸ ಅವನಿಗೇ ಬಿಡಿ.

ಅಪ್ಪ ಅಮ್ಮನಿಗೆ ಹಿಡಿಸುವುದು ಅಲ್ಲಿನ ಕಥೆ. ಅನಂಗು ಜನ ಹೊರಗಿನವರಿಗೆ ಹೇಳಬಹುದು ಅಂತ ಫಲಕದಲ್ಲೇ ಬರೆಸಿದ್ದಾರೆ. ಕುನಿಯಾ ಅಂದರೆ ಹೆಬ್ಬಾವಿನ ರೂಪದ ಹೆಣ್ಣು. ಮೊಟ್ಟೆ ಹೊತ್ತುಕೊಂಡು ದೂರದಿಂದ ಉಲುರುಗೆ ಬರುತ್ತಾಳೆ. ಲಿರು ಅನ್ನುವ ವಿಷದ ಹಾವಿನ ಗುಂಪಿನವರು ಅವಳ ಸೋದರಳಿಯನನ್ನು ಭರ್ಜಿಯಿಂದ ಇರಿಯುತ್ತಾರೆ. ಸಿಟ್ಟು, ದುಃಖ ತಡೆಯಲಾರದೆ ಅವಳು ಲಿರುವಿನ ತಲೆಗೆ ಎರಡು ಏಟು ಹಾಕುತ್ತಾಳೆ. ಆ ಏಟಿನ ಗುರುತುಗಳು ಬಂಡೆಯ ಮೇಲೆ ಕಾಣುತ್ತವೆ, ಅವಳು ಹರಿದು ಬಂದ ದಾರಿಯೂ ಕಾಣುತ್ತೆ. ಸೋದರಳಿಯನಿಗಾಗಿ ಬಡಿದಾಡಿದ ಹೆಂಗಸಿನ ಕಥೆಯನ್ನು ಆ ಜಾಗದಲ್ಲೇ ನಿಮ್ಮ ಅಕ್ಕನ ಬಾಯಿಂದ ನಿಮ್ಮ ಮಕ್ಕಳಿಗೆ ಹೇಳಿಸಿ. ಹತ್ತಿರದ ಗುಹೆಯಲ್ಲಿ ಹಳೆಯ ಚಿತ್ರಗಳಿವೆ, ಮುಟ್ಟುವ ಹಾಗಿಲ್ಲ.

ಫೋಟೋ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿ. ಬಂಡೆಯ ಸುತ್ತ ಕೆಲವು ಕಡೆ ‘ಇಲ್ಲಿ ಚಿತ್ರ ತೆಗೆಯಬೇಡಿ’ ಅನ್ನುವ ಫಲಕ ಇರುತ್ತೆ. ಕಲ್ಚರಲ್ ಸೆಂಟರ್ ಒಳಗೂ ಇಲ್ಲ. ಡ್ರೋನ್ ಅಂತೂ ಇಲ್ಲವೇ ಇಲ್ಲ. ನಮ್ಮ ಗರ್ಭಗುಡಿಗೆ ಇರುವ ನಿಯಮದ ಹಾಗೇ ಅಂದರೆ ಅಪ್ಪ ಅಮ್ಮನಿಗೆ ಅರ್ಥವಾಗುತ್ತೆ. ರೀಲ್ಸ್ ಮಾಡುವ ಸೊಸೆ, ಅಳಿಯಂದಿರಿಗೇ ಸ್ವಲ್ಪ ಒತ್ತಿ ಹೇಳಬೇಕು.

ಮಧ್ಯಾಹ್ನ ಊಟ, ನಿದ್ದೆ. ಸಂಜೆಗೆ ಮುಂಚೆ ಟೌನ್ ಸ್ಕ್ವೇರ್‌ನಲ್ಲಿ ಮಾರುಕು ಆರ್ಟ್ಸ್‌ನವರು ನಡೆಸುವ ಚುಕ್ಕಿ ಚಿತ್ರದ ತರಗತಿಗೆ ಹೋಗಿ. ಅನಂಗು ಕಲಾವಿದರದೇ ಸಂಸ್ಥೆ ಅದು. ಒಬ್ಬ ಕಲಾವಿದೆ ಮರಳಿನ ಮೇಲೆ ಗುರುತುಗಳನ್ನು ಬರೆದು ತೋರಿಸುತ್ತಾರೆ: ಯು ಆಕಾರ ಅಂದರೆ ಕೂತ ಮನುಷ್ಯ, ಸುತ್ತುಸುತ್ತಿನ ವೃತ್ತ ಅಂದರೆ ಜನ ಸೇರುವ ಜಾಗ ಅಥವಾ ನೀರು. ಆಮೇಲೆ ಎಲ್ಲರೂ ತಮ್ಮ ತಮ್ಮ ಚಿತ್ರ ಮಾಡಬೇಕು. ಐದು ವರ್ಷದವಳಿಂದ 70ರ ತಾತನವರೆಗೆ ಎಲ್ಲರೂ ಒಂದೇ ಕೆಲಸ ಮಾಡುವ ಅವಕಾಶ ಇಡೀ ಪ್ರವಾಸದಲ್ಲಿ ಇದೊಂದೇ. ರಂಗೋಲಿ ಹಾಕಿ ಪಳಗಿದ ಅಮ್ಮನ ಕೈ ಎಲ್ಲರಿಗಿಂತ ಮುಂದಿರುತ್ತೆ ನೋಡಿ. 14 ಜನ ಅಂತ ಮೊದಲೇ ಹೇಳಿ ಜಾಗ ಕಾದಿರಿಸಿ.

ಮೂರನೇ ದಿನ ಕಟ ಜುಟ. ಯುಲಾರದಿಂದ 50 ಕಿಲೋಮೀಟರ್, 36 ಗುಮ್ಮಟದಂಥ ಬಂಡೆಗಳ ಗುಂಪು. ಅದರಲ್ಲಿ ಎತ್ತರದ್ದು ಉಲುರುಗಿಂತ 200 ಮೀಟರ್‌ನಷ್ಟು ಮೇಲೆ. ಗಟ್ಟಿಮುಟ್ಟಾದವರು ವ್ಯಾಲಿ ಆಫ್ ದ ವಿಂಡ್ಸ್ ನಡೆಯಲಿ, 7.4 ಕಿಲೋಮೀಟರ್, ಏರಿಳಿತ ಜಾಸ್ತಿ, ಕಾಲಡಿ ಸಡಿಲ ಕಲ್ಲು. ಅಪ್ಪ ಅಮ್ಮನಿಗೆ ದಾರಿಯಲ್ಲೇ ಮರಳುದಿಬ್ಬದ ಮೇಲೆ ಕಟ್ಟಿರುವ ವೀಕ್ಷಣೆ ಜಾಗ ಸಾಕು. ಹಲಗೆ ದಾರಿ ಇದೆ. ಅವರಿಗೆ ಅಷ್ಟು ದೂರ ಕೂರುವುದು ಬೇಡ ಅನ್ನಿಸಿದರೆ ಮನೆಯಲ್ಲೇ ಇರಲಿ, ಯಾರೂ ಬಲವಂತ ಮಾಡಬೇಡಿ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅನ್ನುವ ಹಟದಿಂದಲೇ ಇಂಥ ಪ್ರವಾಸ ಹಾಳಾಗುವುದು.

ದುಡ್ಡು ಕೀಳುವ ಕಾರ್ಯಕ್ರಮಗಳ ಬಗ್ಗೆ ನನ್ನ ಅಭಿಪ್ರಾಯ ಬೇಗ ಹೇಳುತ್ತೇನೆ. ನಕ್ಷತ್ರಗಳ ಕೆಳಗೆ ಊಟ ಬಡಿಸುವ ಸೌಂಡ್ಸ್ ಆಫ್ ಸೈಲೆನ್ಸ್ ಹೆಸರುವಾಸಿ, ಆದರೆ ತಲೆಗೆ 200 ಡಾಲರ್ ದಾಟುತ್ತೆ. ಬಯಲಿನ ಚಳಿಯಲ್ಲಿ ಗಂಟೆಗಟ್ಟಲೆ ಕೂರಬೇಕು, ಎಂಟೂವರೆಗೆ ಮಲಗುವ ಅಪ್ಪ ಅಮ್ಮನಿಗೆ ಅದು ಶಿಕ್ಷೆ. ಬಿಡಿ. ಬ್ರೂಸ್ ಮನ್ರೋ ಅನ್ನುವ ಕಲಾವಿದ 2016ರಲ್ಲಿ ಮರಳಿನ ಮೇಲೆ ನೆಟ್ಟ 50,000 ದೀಪಗಳ ಫೀಲ್ಡ್ ಆಫ್ ಲೈಟ್ ಮಕ್ಕಳಿಗೆ ಇಷ್ಟವಾಗುತ್ತೆ. ಊಟವಿಲ್ಲದ ಸಾದಾ ಟಿಕೆಟ್ ತೆಗೆಯಿರಿ. 2023ರಲ್ಲಿ ಶುರುವಾದ ವಿಂಜಿರಿ ವಿರು ಸಾವಿರಕ್ಕೂ ಹೆಚ್ಚು ಡ್ರೋನ್‌ಗಳಿಂದ ಆಕಾಶದಲ್ಲಿ ಅನಂಗು ಕಥೆ ಹೇಳುವ ಪ್ರದರ್ಶನ. ಎರಡರಲ್ಲಿ ಒಂದು ಸಾಕು. ಒಂಟೆ ಸವಾರಿ ಹುಡುಗರಿಗೆ ಸರಿ. ಒಂಟೆ ಏಳುವಾಗ ಮುಂದಕ್ಕೂ ಹಿಂದಕ್ಕೂ ಜೋರಾಗಿ ತೂಗಾಡುತ್ತೆ, ಅಮ್ಮನ ಮಂಡಿಗೆ, ಸೊಂಟಕ್ಕೆ ಬೇಡ. ಅಂದಹಾಗೆ ಆ ಒಂಟೆಗಳ ಪೂರ್ವಜರು ಬಂದದ್ದು ನಮ್ಮ ಕಡೆಯಿಂದಲೇ. ಹತ್ತೊಂಬತ್ತನೇ ಶತಮಾನದಲ್ಲಿ ಅವಿಭಜಿತ ಭಾರತ ಮತ್ತು ಅಫ್ಘಾನಿಸ್ತಾನದಿಂದ ಒಂಟೆಗಳನ್ನೂ ಅವುಗಳನ್ನು ನಡೆಸುವವರನ್ನೂ ಹಡಗಿನಲ್ಲಿ ತಂದು ಈ ಮರಳುಗಾಡಿನಲ್ಲಿ ಸಾಮಾನು ಹೊರಿಸಿದರು. ಲಾರಿ ಬಂದ ಮೇಲೆ ಒಂಟೆಗಳನ್ನು ಬಿಟ್ಟುಬಿಟ್ಟರು, ಅವು ಕಾಡುಪಾಲಾಗಿ ಬೆಳೆದವು.

ದುಡ್ಡು ಕೊಡದೆ ಸಿಗುವ ಆಕಾಶವೇ ಇದೆಲ್ಲಕ್ಕಿಂತ ಮೇಲು. ಊಟ ಮುಗಿಸಿ ಅಪಾರ್ಟ್‌ಮೆಂಟಿನ ದೀಪಗಳಿಂದ ಸ್ವಲ್ಪ ದೂರ ನಡೆದು ಹೋಗಿ, ಯುಲಾರದ ಒಳಗೇ ಮರಳುದಿಬ್ಬಗಳಿವೆ. ಮೇ ಕೊನೆಗೆ ರಾತ್ರಿ ಏಳೂವರೆಗೆ ದಕ್ಷಿಣಕ್ಕೆ ತಿರುಗಿದರೆ ಎತ್ತರದಲ್ಲಿ ನಾಲ್ಕು ನಕ್ಷತ್ರದ ಶಿಲುಬೆ ಕಾಣುತ್ತೆ. ಅದೇ ನಮ್ಮ ತ್ರಿಶಂಕು. ಮೈಸೂರಿನಲ್ಲಿ ಅದು ದಕ್ಷಿಣದ ಅಂಚಿನಲ್ಲಿ ಮನೆ, ಮರಗಳ ಹಿಂದೆ ಅಡಗಿರುತ್ತೆ. ಇಲ್ಲಿ ತಲೆಯೆತ್ತಿ ನೋಡಬೇಕು. ನೈಋತ್ಯದಲ್ಲಿ ಒಂದೇ ಒಂದು ಪ್ರಖರ ನಕ್ಷತ್ರ, ಅದು ಅಗಸ್ತ್ಯ. ವಿಶ್ವಾಮಿತ್ರ ತ್ರಿಶಂಕುವನ್ನು ತಲೆಕೆಳಗಾಗಿ ನಿಲ್ಲಿಸಿದ ಕಥೆಯನ್ನು ಅಪ್ಪ ಡಲ್ಲಾಸ್ ಮೊಮ್ಮಕ್ಕಳಿಗೆ ಹೇಳಲಿ. ಇದಕ್ಕೆ ಚಂದ್ರ ಇರಬಾರದು. ದಿನ ಗೊತ್ತು ಮಾಡುವಾಗ ಅಮ್ಮನ ಹತ್ತಿರ ಒಂಟಿಕೊಪ್ಪಲ್ ಪಂಚಾಂಗ ತೆಗೆಸಿ, ಅಮಾವಾಸ್ಯೆಯ ಆಸುಪಾಸಿನ ದಿನ ಸಿಗುತ್ತಾ ನೋಡಿ. ಅಮಾವಾಸ್ಯೆಗೆ ಪ್ರಯಾಣವೇ ಅಂತ ಅವರು ಅಂದರೆ ಎರಡು ದಿನ ಆಚೆ ಈಚೆ ಮಾಡಿ, ಏನೂ ತೊಂದರೆ ಇಲ್ಲ.

ಅಪ್ಪನ ಶಾಂತಿಯ ಮುಂದುವರಿದ ಭಾಗ ಇದು ಅಂತ ಬಂಡೆಯ ಹತ್ತಿರ ಪೂಜೆ ಮಾಡುವ ಯೋಚನೆ ಯಾರಿಗಾದರೂ ಬರಬಹುದು. ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು, ಕರ್ಪೂರ ಹಚ್ಚುವುದು ಯಾವುದೂ ಬೇಡ. ಅದು ಬೇರೆಯವರ ದೇವರ ಜಾಗ. ಸುಮ್ನೆ ಕೈ ಮುಗಿದರೆ ಯಾರೂ ಏನೂ ಅನ್ನುವುದಿಲ್ಲ. ಮಕ್ಕಳ ಜೇಬಿನಲ್ಲಿ ಒಂದು ಕೆಂಪು ಕಲ್ಲು, ಒಂದು ಹಿಡಿ ಮರಳು ಸೇರಿಕೊಂಡಿರುತ್ತೆ. ಅದನ್ನೂ ತರಬಾರದು. ಹಾಗೆ ಒಯ್ದವರು ಆಮೇಲೆ ಮನಸ್ಸು ತಡೆಯದೆ ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಉದ್ಯಾನದ ಕಚೇರಿಗೆ ಜಗತ್ತಿನ ಮೂಲೆಮೂಲೆಯಿಂದ ಇಂಥ ಪೊಟ್ಟಣಗಳು ಬರುತ್ತವೆ. ಅವಕ್ಕೆ ‘ಸಾರಿ ರಾಕ್ಸ್’ ಅಂತಲೇ ಹೆಸರು ಬಿದ್ದಿದೆ.

ಆರೋಗ್ಯದ ವಿಷಯ ಕೊನೆಗೆ ಇಟ್ಟಿದ್ದೇನೆ, ಸಣ್ಣದು ಅಂತಲ್ಲ. ಯುಲಾರದಲ್ಲಿ ಒಂದು ಕ್ಲಿನಿಕ್ ಇದೆ. ದೊಡ್ಡ ಆಸ್ಪತ್ರೆ ಅಂದರೆ ಆಲಿಸ್ ಸ್ಪ್ರಿಂಗ್ಸ್. ಎದೆ ನೋವಿನಂಥದ್ದು ಬಂದರೆ ವಿಮಾನದಲ್ಲೇ ಒಯ್ಯಬೇಕಾಗಬಹುದು. ಭಾರತದಿಂದ ಬರುವವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೌಲಭ್ಯವಾದ ಮೆಡಿಕೇರ್ ಸಿಗುವುದಿಲ್ಲ. ಅಪ್ಪ ಅಮ್ಮನ ಬಿಪಿ, ಶುಗರ್ ಏನಿದೆಯೋ ಅದನ್ನೆಲ್ಲ ಬರೆದು ತಿಳಿಸಿಯೇ ಪ್ರಯಾಣ ವಿಮೆ ಮಾಡಿಸಿ, ತುರ್ತು ಸಾಗಾಟದ ಖರ್ಚು ಅದರಲ್ಲಿ ಸೇರಿದೆಯಾ ನೋಡಿ. ಪ್ರೀಮಿಯಂ ಉಳಿಸಲು ಮುಚ್ಚಿಟ್ಟರೆ ಬೇಕಾದಾಗ ಕ್ಲೇಮ್ ಸಿಗಲ್ಲ. ಎಲ್ಲ ಮಾತ್ರೆಗಳನ್ನೂ ಚೀಟಿ ಸಮೇತ ಕೈಚೀಲದಲ್ಲಿಟ್ಟುಕೊಳ್ಳಲಿ. ಅಲ್ಲಿನ ಗಾಳಿ ತುಂಬಾ ಒಣ. ಚಳಿ ಅಂತ ನೀರು ಕುಡಿಯುವುದನ್ನು ಮರೆಯುತ್ತಾರೆ, ಗಂಟೆಗೊಮ್ಮೆ ನೀವೇ ಕೇಳಿ ಕುಡಿಸಿ. ತುಟಿಗೆ, ಹಿಮ್ಮಡಿಗೆ ವ್ಯಾಸಲಿನ್ ಇರಲಿ.

ಈಗ ಮಾಡಬೇಕಾದ ಕೆಲಸದ ಕ್ರಮ ಹೀಗಿದೆ. ಮೊದಲು ತಮ್ಮನ ಮಕ್ಕಳ ಶಾಲೆಯ ಕೊನೇ ದಿನ, ಅಕ್ಕನ ಮಗನ ಕಾಲೇಜು ತೆರೆಯುವ ದಿನ ಖಚಿತ ಮಾಡಿಕೊಳ್ಳಿ. ಅದರ ನಡುವೆ ಮೆಲ್ಬರ್ನ್‌ನಿಂದ ನೇರ ವಿಮಾನ ಇರುವ ದಿನ ಹುಡುಕಿ. ಆಮೇಲೆ ಅಪಾರ್ಟ್‌ಮೆಂಟ್ ಮತ್ತು ಗಾಡಿ, ಅದೇ ದಿನ ಎರಡೂ. ಎರಡು ಕೋಣೆಯ ಅಪಾರ್ಟ್‌ಮೆಂಟ್‌ಗಳೇ ಮೊದಲು ಖಾಲಿಯಾಗುವುದು. ಕ್ಯಾನ್ಸಲ್ ಮಾಡಲು ಬರುವ ರೇಟಿನಲ್ಲೇ ಹಿಡಿಯಿರಿ, ಯಾಕಂದ್ರೆ ಅಪ್ಪ ಅಮ್ಮ ಮತ್ತು ಅಕ್ಕನ ಮನೆಯವರಿಗೆ ಸಬ್‌ಕ್ಲಾಸ್ 600 ವಿಸಿಟರ್ ವೀಸಾ ಇನ್ನೂ ಆಗಬೇಕು. ಅದಕ್ಕೆ ಮೂರ್ನಾಲ್ಕು ತಿಂಗಳು ಮುಂಚೆಯೇ ಅರ್ಜಿ ಹಾಕಿಸಿ. ಬೆಂಗಳೂರಿನ ಅಂತರರಾಷ್ಟ್ರೀಯ ಟಿಕೆಟ್ ವೀಸಾ ಕೈಗೆ ಬಂದ ಮೇಲೆ ತೆಗೆದರೆ ಸಾಕು.